ಮ್ಯಾಕ್ರೊ ಲೆನ್ಸ್ ಕೊಳ್ಳುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಮಳೆ ಬಿದ್ದು ಹುಲ್ಲು ಚಿಗುರಿದ ಕೂಡಲೇ "ಹುಳ-ಹುಪ್ಪಟೆ ಫೋಟೊ ತೆಗೆಯಬೇಕು, ಯಾವ ಲೆನ್ಸ್ ತಗೊಳ್ಳಲಿ?" ಎಂದು ಕೇಳುವವರು ಹೆಚ್ಚುತ್ತಾರೆ. ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸೇ ಮ್ಯಾಕ್ರೊ. ಮಲೆನಾಡು, ಕರಾವಳಿಯ ತೋಟ, ಗದ್ದೆ ಬದು, ಹಳ್ಳದ ದಂಡೆಗಳಲ್ಲಿ ಚಿಟ್ಟೆ, ಜೇಡ, ಇರುವೆ, ಕಪ್ಪೆಗಳ ಬೆನ್ನು ಹತ್ತುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇನೆ. ಬೆಂಗಳೂರಿನ ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡವರಿಗೂ ಇದೇ ಲೆಕ್ಕ ನಡೆಯುತ್ತದೆ. ಕಂಪನಿ, ಮಾಡೆಲ್ ಹೆಸರುಗಳಿಗೆ ಹೋಗುವ ಮೊದಲು ತೀರ್ಮಾನವಾಗಬೇಕಾದ್ದು ಎರಡೇ ಸಂಗತಿ: ನೀವು ತೆಗೆಯುವ ಜೀವಿ ಎಷ್ಟು ದೊಡ್ಡದು, ಅದು ನಿಮ್ಮನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ.

1:1 ಅಂತ ಎಲ್ಲರೂ ಹೇಳುತ್ತಾರಲ್ಲ, ಏನದು?

10 ಎಂಎಂ ಉದ್ದದ ಹುಳದ ಬಿಂಬ ಕ್ಯಾಮೆರಾದ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಫಲಕ) ಮೇಲೂ 10 ಎಂಎಂ ಉದ್ದಕ್ಕೇ ಮೂಡಿದರೆ ಅದು 1:1. 5 ಎಂಎಂ ಮಾತ್ರ ಮೂಡಿದರೆ 1:2. ಫುಲ್ ಫ್ರೇಮ್ ಸೆನ್ಸರ್‌ನ ಅಳತೆ 36×24 ಎಂಎಂ. ಹಾಗಾಗಿ ಅದರಲ್ಲಿ 1:1ಕ್ಕೆ ಹೋದರೆ 36 ಎಂಎಂ ಅಗಲದ ವಸ್ತು ಫ್ರೇಮ್ ತುಂಬುತ್ತದೆ. ನಿಕಾನ್, ಸೋನಿ, ಫ್ಯೂಜಿಯ, ಫುಲ್ ಫ್ರೇಮ್‌ಗಿಂತ ಚಿಕ್ಕದಾದ ಕ್ರಾಪ್ ಸೆನ್ಸರ್‌ಗಳಲ್ಲಿ ಸುಮಾರು 23.5 ಎಂಎಂ, ಕ್ಯಾನನ್ ಕ್ರಾಪ್‌ನಲ್ಲಿ ಸುಮಾರು 22 ಎಂಎಂ, ಒಲಿಂಪಸ್‌ನ ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ 17 ಎಂಎಂ ಇದ್ದರೇ ಫ್ರೇಮ್ ತುಂಬಿತು. ಸೆನ್ಸರ್ ಚಿಕ್ಕದಾದಷ್ಟೂ ಅದೇ 1:1 ಲೆನ್ಸ್ ಹುಳವನ್ನು ದೊಡ್ಡದಾಗಿ ತೋರಿಸುತ್ತದೆ ಎಂದಾಯಿತು. ಈ ಕೆಲಸಕ್ಕೆ ಕ್ರಾಪ್ ಕ್ಯಾಮೆರಾ ಇದ್ದರೆ ಕೊರಗುವ ಅಗತ್ಯವೇ ಇಲ್ಲ.

ಒಂದು ಎಚ್ಚರಿಕೆ. ಜೂಮ್ ಲೆನ್ಸ್‌ನ ಮೇಲೆ "ಮ್ಯಾಕ್ರೊ" ಎಂದು ಬರೆದಿದ್ದರೆ ನಂಬಿಬಿಡಬೇಡಿ. ಸಿಗ್ಮಾ, ಟ್ಯಾಮ್ರಾನ್‌ಗಳ ಹಳೆಯ 70-300 "ಮ್ಯಾಕ್ರೊ" ಜೂಮ್‌ಗಳು 1:2ರವರೆಗೆ ಹೋಗುತ್ತವೆ, ಚಿಟ್ಟೆಗೆ ಅದು ಒಳ್ಳೆಯದೇ. ಆದರೆ ಎಷ್ಟೋ ಜೂಮ್‌ಗಳು 1:4ಕ್ಕೇ ನಿಂತು ಅದೇ ಹೆಸರು ಹೊತ್ತಿರುತ್ತವೆ. ಲೆನ್ಸ್‌ನ ವಿವರಗಳಲ್ಲಿ "ಮ್ಯಾಕ್ಸಿಮಮ್ ಮ್ಯಾಗ್ನಿಫಿಕೇಶನ್" ಎಂಬ ಸಾಲು ಹುಡುಕಿ. 1.0 ಎಂದಿದ್ದರೆ 1:1, 0.25 ಎಂದಿದ್ದರೆ 1:4. ಇನ್ನು ನಿಕಾನ್ ತನ್ನ ಡಿಎಸ್‌ಎಲ್‌ಆರ್ ಮ್ಯಾಕ್ರೊಗಳ ಮೇಲೆ "ಮೈಕ್ರೊ" ಎಂದು ಬರೆಯುತ್ತದೆ. ಹುಡುಕುವಾಗ ಅದು ತಿಳಿದಿರಲಿ.

ನನಗೆ ನಿಜಕ್ಕೂ 1:1 ಬೇಕೇ?

ಬಹಳ ಜನ ಕೇಳದೆ ಬಿಡುವ ಪ್ರಶ್ನೆ ಇದು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂ.ಮೀ. ಅದು ಫುಲ್ ಫ್ರೇಮ್‌ನಲ್ಲಿ ಪೂರ್ತಿ ಹಿಡಿಯಬೇಕಾದರೆ 1:4 ಕೂಡ ಜಾಸ್ತಿಯೇ. ಅದಕ್ಕೆ ನಿಮ್ಮ ಬಳಿ ಈಗಾಗಲೇ ಇರುವ 70-300 ಸಾಕು. ಎಷ್ಟೋ ಸಲ ಅದೇ ಉತ್ತಮ, ಏಕೆಂದರೆ ಆ ಚಿಟ್ಟೆ ಎತ್ತರದಲ್ಲಿ ಹಾರುತ್ತಾ ಹೂವಿನ ಮೇಲೆ ಅರೆಗಳಿಗೆ ನಿಲ್ಲುವಂಥದ್ದು. ಡ್ರ್ಯಾಗನ್‌ಫ್ಲೈ, ಸೂರ್ಯನ ಕುದುರೆ, ಸೀತಾಳೆ ದಂಡೆಯ ಗೊಂಚಲು, ದಾಸವಾಳ ಎಲ್ಲಕ್ಕೂ 1:2 ಧಾರಾಳ.

ಕಪ್ಪೆಗಳ ಲೆಕ್ಕ ಬೇರೆ ಬೇರೆ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಿಂದ 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆಯ ಗಂಡು, ಕಡ್ಡಿಗೆ ಅಂಟಿದ ಮೊಟ್ಟೆಗಳ ಮೇಲೆ ಮುಂಗೈಯಿಂದ ಕೆಸರು ಎತ್ತಿ ಮೆತ್ತುತ್ತದೆ. ಆ ಕೆಲಸ ಕಾಣಬೇಕಾದರೆ ಕಪ್ಪೆ, ಕಡ್ಡಿ, ಮೊಟ್ಟೆ, ನೀರು ನಾಲ್ಕೂ ಫ್ರೇಮ್‌ನಲ್ಲಿ ಇರಬೇಕು. 1:3ರ ಆಚೆ ಹೋದರೆ ಕಥೆಯೇ ಕೈಬಿಟ್ಟು ಹೋಗುತ್ತದೆ. ಮಣಿಪಾಲದ ಮುರಕಲ್ಲು ಬಯಲಿನಿಂದ 2016ರಲ್ಲಿ ವರದಿಯಾದ ಮೈಕ್ರೊಹೈಲಾ ಲ್ಯಾಟರೈಟ್ ಮಾತ್ರ ಹೆಬ್ಬೆರಳ ಉಗುರಿನಷ್ಟೇ ಇರುವ ಕಪ್ಪೆ. ಅದಕ್ಕೆ 1:1 ಇದ್ದರೆ ಅನುಕೂಲ.

ಇರುವೆ, ಜಿಗಿಜೇಡ, ತಿಗಣೆ ಜಾತಿಯ ಹುಳಗಳಿಗೆ ಬಂದರೆ 1:1 ಅನಿವಾರ್ಯವೇ. ಚಗಳಿ ಇರುವೆಯ ಕೆಲಸಗಾರ್ತಿ ಸುಮಾರು 8ರಿಂದ 10 ಎಂಎಂ. ಫುಲ್ ಫ್ರೇಮ್‌ನಲ್ಲಿ 1:1ಕ್ಕೆ ಹೋದರೂ ಅದು ಚಿತ್ರದ ಅಗಲದ ಕಾಲು ಭಾಗ ಅಷ್ಟೇ. ಆದರೆ ಆ ಅಳತೆಯಲ್ಲಿ ಕಾಣುವುದೆಂದರೆ! ಎರಡು ಎಲೆಗಳ ಅಂಚನ್ನು ಸಾಲುಸಾಲಾಗಿ ದವಡೆಯಲ್ಲಿ ಕಚ್ಚಿ, ಹಿಂಗಾಲು ಊರಿ ಎಳೆದು ಹಿಡಿದ ಕೆಲಸಗಾರ್ತಿಯರು. ಅವುಗಳ ನಡುವೆ ಇನ್ನೊಂದು ಇರುವೆ ತನ್ನ ಗೂಡಿನ ಮರಿಹುಳುವನ್ನು ಬಾಯಲ್ಲಿ ಹಿಡಿದು ಈ ಅಂಚಿನಿಂದ ಆ ಅಂಚಿಗೆ ತಾಗಿಸುತ್ತಿರುತ್ತದೆ. ಮರಿಹುಳು ಬಿಡುವ ರೇಷ್ಮೆಯ ಬಿಳಿ ಎಳೆಗಳು ಎಲೆಗಳನ್ನು ಹೊಲಿಯುತ್ತಾ ಹೋಗುತ್ತವೆ. ಬರಿಗಣ್ಣಿಗೆ ಅದು ಕೆಂಪು ಗಿಜಿಗಿಜಿ ಮಾತ್ರ. ಮ್ಯಾಕ್ರೊ ಲೆನ್ಸ್‌ಗೆ ದುಡ್ಡು ಹಾಕುವುದು ಇಂಥದಕ್ಕೆ.

60, 100, 180: ಯಾವ ಫೋಕಲ್ ಲೆಂತ್ ತಗೊಳ್ಳಲಿ?

ಈ ಎಂಎಂ ಸಂಖ್ಯೆಯೇ ಲೆನ್ಸ್‌ನ ಫೋಕಲ್ ಲೆಂತ್, ಅದು ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಬಹುತೇಕ ಎಲ್ಲವೂ 1:1 ಕೊಡುತ್ತವೆ. ಬದಲಾಗುವುದು ನೀವು ಎಷ್ಟು ದೂರ ನಿಲ್ಲಬಹುದು ಎಂಬುದು. ಇಲ್ಲೊಂದು ಗೊಂದಲವಿದೆ. ಲೆನ್ಸ್ ಡಬ್ಬದ ಮೇಲೆ ಬರೆದಿರುವ ಕನಿಷ್ಠ ಫೋಕಸ್ ದೂರವನ್ನು ಸೆನ್ಸರ್‌ನಿಂದ ಅಳೆಯುತ್ತಾರೆ. ಲೆನ್ಸ್‌ನ ಉದ್ದ, ಕ್ಯಾಮೆರಾದ ಒಳಗಿನ ಅಂತರ ಎರಡನ್ನೂ ಕಳೆದ ಮೇಲೆ ಲೆನ್ಸ್‌ನ ಮೂತಿಗೂ ಹುಳಕ್ಕೂ ನಡುವೆ ಉಳಿಯುವ ಜಾಗವೇ ನಿಮಗೆ ಬೇಕಾದ ಲೆಕ್ಕ. ಅದನ್ನು ವರ್ಕಿಂಗ್ ಡಿಸ್ಟೆನ್ಸ್ ಎನ್ನುತ್ತಾರೆ.

ನಿಕಾನ್ ಡಿಎಕ್ಸ್ 40 ಎಂಎಂ ಮೈಕ್ರೊದಲ್ಲಿ 1:1ಕ್ಕೆ ಹೋದಾಗ ಈ ಜಾಗ ಮೂರೂವರೆ ಸೆಂ.ಮೀ ಆಸುಪಾಸು. ಹುಳ ಕೂರುವುದಿಲ್ಲ, ಕೂತರೂ ಲೆನ್ಸ್‌ನ ನೆರಳೇ ಅದರ ಮೇಲೆ ಬೀಳುತ್ತದೆ. ನಿಕಾನ್ 60 ಎಂಎಂನಲ್ಲಿ ಸುಮಾರು 5 ಸೆಂ.ಮೀ. ಕ್ಯಾನನ್ 100 ಎಲ್, ನಿಕಾನ್ ಜೆಡ್ 105, ಸೋನಿ 90 ಇವೆಲ್ಲ 13 ಸೆಂ.ಮೀ ಹತ್ತಿರ ಕೊಡುತ್ತವೆ. ಕ್ಯಾನನ್‌ನ ಹಳೆಯ 180 ಎಂಎಂ ಎಫ್/3.5 ಎಲ್ ಸುಮಾರು 24 ಸೆಂ.ಮೀ ಕೊಡುತ್ತದೆ, ಆದರೆ ತೂಕ ಒಂದು ಕಿಲೊ ದಾಟುತ್ತದೆ, ಕೈ ನಡುಕದ ಪರಿಣಾಮ ತಗ್ಗಿಸುವ ಸ್ಟೆಬಿಲೈಸೇಶನ್ ಇಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ: ಜೀವಂತ ಹುಳಗಳಿಗಾದರೆ 90ರಿಂದ 105 ಎಂಎಂ. ಕೈಯಲ್ಲಿ ಹಿಡಿದು ಗಂಟೆಗಟ್ಟಲೆ ತಿರುಗಬಹುದು, ಹುಳವೂ ಗಾಬರಿ ಬೀಳುವುದಿಲ್ಲ, ಮಧ್ಯೆ ಫ್ಲ್ಯಾಶ್‌ನ ಬೆಳಕು ತೂರಿಸಲು ಜಾಗವೂ ಇರುತ್ತದೆ. ಹೂವು, ಪಾಚಿ, ಅಣಬೆ, ಒಡವೆ, ನಾಣ್ಯ, ಅಂಚೆಚೀಟಿ ಇಷ್ಟೇ ತೆಗೆಯುವವರು 40 ಅಥವಾ 60 ತೆಗೆದುಕೊಂಡು ದುಡ್ಡು ಉಳಿಸಬಹುದು. ಮೈಕ್ರೊ ಫೋರ್ ಥರ್ಡ್ಸ್‌ನವರಿಗೆ ಮಾತ್ರ ಈ ಲೆಕ್ಕ ಅನ್ವಯಿಸದು. ಒಲಿಂಪಸ್ 60 ಎಂಎಂ ಎಫ್/2.8 ಪುಟ್ಟ ಲೆನ್ಸ್ ಆದ್ದರಿಂದ 1:1ರಲ್ಲೂ 9 ಸೆಂ.ಮೀ ಹತ್ತಿರ ಜಾಗ ಬಿಡುತ್ತದೆ, ಮಳೆ ಹನಿಗೂ ಹೆದರುವುದಿಲ್ಲ.

ಹಾವಿನ ವಿಷಯದಲ್ಲಿ ಚರ್ಚೆಯೇ ಬೇಡ. ಮಳೆಗಾಲದಲ್ಲಿ ಆಗುಂಬೆಯ ಸುತ್ತ ಪೊದೆಗಳಲ್ಲಿ ಅಲ್ಲಾಡದೆ ಕೂರುವ ಮಲಬಾರ್ ಪಿಟ್ ವೈಪರ್ ಎಷ್ಟೇ ಶಾಂತವಾಗಿ ಕಂಡರೂ ಅದು ವಿಷದ ಹಾವು. ಅದರ ಕಣ್ಣು, ಹುರುಪೆ ಬೇಕೆಂದರೆ 300 ಎಂಎಂ ಲೆನ್ಸ್ ಹಾಕಿ ದೂರದಿಂದಲೇ ತೆಗೆಯಿರಿ.

ನನ್ನ ಕ್ಯಾಮೆರಾಕ್ಕೆ ಯಾವುದು ಸರಿಹೊಂದುತ್ತದೆ?

ಒಳ್ಳೆಯ ಸುದ್ದಿ ಏನೆಂದರೆ ಹೆಸರುವಾಸಿ ಮ್ಯಾಕ್ರೊ ಲೆನ್ಸ್‌ಗಳಲ್ಲಿ ಶಾರ್ಪ್ ಅಲ್ಲದ್ದು ಸಿಗುವುದೇ ಕಷ್ಟ. ಅದಕ್ಕೇ ರಿವ್ಯೂಗಳಲ್ಲಿ ಶಾರ್ಪ್‌ನೆಸ್ ಚಾರ್ಟ್ ಹೋಲಿಸುತ್ತಾ ವಾರ ಕಳೆಯಬೇಡಿ.

ಕ್ಯಾನನ್ ಡಿಎಸ್‌ಎಲ್‌ಆರ್‌ಗೆ 2009ರ ಇಎಫ್ 100 ಎಂಎಂ ಎಫ್/2.8 ಎಲ್ ಐಎಸ್ ಇಂದಿಗೂ ಕಣ್ಣುಮುಚ್ಚಿ ಕೊಳ್ಳಬಹುದಾದ ಲೆನ್ಸ್. ಅದಕ್ಕೂ ಹಿಂದಿನ, ಐಎಸ್ (ಕ್ಯಾನನ್‌ನ ಸ್ಟೆಬಿಲೈಸೇಶನ್) ಇಲ್ಲದ 100 ಎಂಎಂ ಯುಎಸ್‌ಎಂ ಚಿತ್ರದ ಗುಣಮಟ್ಟದಲ್ಲಿ ಹಿಂದೆ ಬೀಳುವುದಿಲ್ಲ, ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಬಿಡಬೇಡಿ. ಕ್ಯಾನನ್ ಆರ್ ಕ್ಯಾಮೆರಾಗಳಿಗೆ 2021ರ ಆರ್‌ಎಫ್ 100 ಇದೆ, 1:1 ದಾಟಿ 1.4 ಪಟ್ಟಿನವರೆಗೆ ಹೋಗುತ್ತದೆ. ಆರ್ ಕ್ಯಾಮೆರಾ ಇದ್ದೂ ಹಳೆಯ ಇಎಫ್ ಲೆನ್ಸ್ ಕೈಯಲ್ಲಿದ್ದರೆ ಅಡಾಪ್ಟರ್ ಹಾಕಿ ಬಳಸಿ, ಏನೂ ಕಳೆದುಕೊಳ್ಳುವುದಿಲ್ಲ.

ನಿಕಾನ್ ಡಿಎಸ್‌ಎಲ್‌ಆರ್‌ಗೆ 2006ರ 105 ಎಂಎಂ ವಿಆರ್, ಜೆಡ್ ಕ್ಯಾಮೆರಾಗೆ ಎಂಸಿ 105. ಡಿ3500, ಡಿ5600ರಂಥ ಬಾಡಿಗಳೊಳಗೆ ಫೋಕಸ್ ಮೋಟರ್ ಇಲ್ಲ, ಆದ್ದರಿಂದ ಹಳೆಯ ಎಎಫ್-ಡಿ ಲೆನ್ಸ್‌ಗಳು ಅವುಗಳಲ್ಲಿ ಆಟೋಫೋಕಸ್ ಆಗುವುದಿಲ್ಲ. ಎಫ್‌ಟಿಜೆಡ್ ಅಡಾಪ್ಟರ್ ಮೂಲಕ ಜೆಡ್‌ಗೆ ಹಾಕಿದರೂ ಅದೇ ಕಥೆ. ಸೋನಿಗೆ ತನ್ನದೇ 90 ಎಂಎಂ ಜಿ ಅಥವಾ ಸಿಗ್ಮಾ 105 ಆರ್ಟ್. ಸಿಗ್ಮಾದಲ್ಲಿ ಸ್ಟೆಬಿಲೈಸೇಶನ್ ಇಲ್ಲ. ಫ್ಯೂಜಿಯವರು 80 ಎಂಎಂ ನೋಡಿ, ಅವರ 60 ಎಂಎಂ 1:2ಕ್ಕೇ ನಿಲ್ಲುತ್ತದೆ. ಟ್ಯಾಮ್ರಾನ್ 90 ಎಂಎಂ ಹಲವು ಪೀಳಿಗೆಗಳಲ್ಲಿ ಬಂದಿದೆ, ಕಡಿಮೆ ದುಡ್ಡಿನವರನ್ನು ವರ್ಷಗಳಿಂದ ಕಾಪಾಡಿದ ಲೆನ್ಸ್ ಅದು.

ಹೊಸ ಲೆನ್ಸ್‌ಗೆ ದುಡ್ಡಿಲ್ಲ. ಇರುವ ಕಿಟ್‌ನಲ್ಲೇ ಏನಾದರೂ ಮಾಡಬಹುದೇ?

ಖಂಡಿತ ಮಾಡಬಹುದು. ನಾನಂತೂ ಹೊಸಬರಿಗೆ ಮೊದಲ ವರ್ಷ ಹೀಗೇ ತೆಗೆಯಿರಿ ಎನ್ನುತ್ತೇನೆ. ಮೂರು ದಾರಿಗಳಿವೆ, ಯಾವುದು ಎಂಬುದು ನಿಮ್ಮಲ್ಲಿರುವ ಲೆನ್ಸ್ ಮೇಲೆ ಹೋಗುತ್ತದೆ.

ನಿಮ್ಮಲ್ಲಿ 55-250 ಅಥವಾ 70-300 ಇದ್ದರೆ ಲೆನ್ಸ್‌ನ ಮೂತಿಗೆ ಸಿಕ್ಕಿಸುವ ಕ್ಲೋಸ್‌ಅಪ್ ಲೆನ್ಸ್ ತೆಗೆದುಕೊಳ್ಳಿ. ರೇನಾಕ್ಸ್ ಡಿಸಿಆರ್-250 ಎಲ್ಲರ ಕೈಯಲ್ಲೂ ಕಾಣುವಂಥದ್ದು. ಅದರ ಶಕ್ತಿ 8 ಡಯಾಪ್ಟರ್. ಲೆಕ್ಕ ಸುಲಭ: ಫೋಕಲ್ ಲೆಂತನ್ನು ಡಯಾಪ್ಟರ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿ. 250×8÷1000 ಎಂದರೆ 2, ಅಂದರೆ ಜೀವಗಾತ್ರದ ಎರಡು ಪಟ್ಟು! ಲೆನ್ಸನ್ನು ಇನ್ಫಿನಿಟಿಗೆ (ಅತಿ ದೂರದ ಫೋಕಸ್‌ಗೆ) ಇಟ್ಟಾಗ ಹುಳದಿಂದ 12 ಸೆಂ.ಮೀ ದೂರ ಸಿಗುತ್ತದೆ. 8 ಡಯಾಪ್ಟರ್ ಜಾಸ್ತಿ ಎನಿಸಿದರೆ 4.8ರ ಡಿಸಿಆರ್-150 ಇದೆ, ಅದರಲ್ಲಿ ದೂರ 20 ಸೆಂ.ಮೀ. ಚಿಟ್ಟೆ, ಮಿಡತೆಗಳಿಗೆ ನಾನು ಇದನ್ನೇ ಹೇಳುವುದು. ಎರಡೂ 52ರಿಂದ 67 ಎಂಎಂ ಫಿಲ್ಟರ್ ತ್ರೆಡ್ ಇರುವ ಲೆನ್ಸ್‌ಗೆ ಕ್ಲಿಪ್‌ನಂತೆ ಕೂರುತ್ತವೆ, ಬೇಡವೆಂದಾಗ ಕಿತ್ತು ಜೇಬಿಗೆ ಹಾಕಿಕೊಳ್ಳಬಹುದು. ಕ್ಯಾಮೆರಾ ಜೊತೆ ಬರುವ 18-55ಕ್ಕೆ ಹಾಕಿದರೆ ಮಾತ್ರ ನಿರಾಸೆ. 55×8÷1000, ಅರ್ಧ ಪಟ್ಟೂ ಆಗುವುದಿಲ್ಲ. ಒಂದೇ ಗಾಜಿನ, ಮೂರು-ನಾಲ್ಕು ಫಿಲ್ಟರ್‌ಗಳ ಅಗ್ಗದ ಸೆಟ್‌ಗಳು ಅಂಚುಗಳಲ್ಲಿ ನೇರಳೆ ಬಣ್ಣ ಬಿಡುತ್ತವೆ, ಬೇಡ.

ನಿಮ್ಮಲ್ಲಿ 50 ಎಂಎಂ ಎಫ್/1.8 ಇದ್ದರೆ ಎಕ್ಸ್‌ಟೆನ್ಶನ್ ಟ್ಯೂಬ್ ಸರಿ. ಅದರಲ್ಲಿ ಗಾಜಿಲ್ಲ, ಖಾಲಿ ಕೊಳವೆ. ಲೆನ್ಸನ್ನು ಸೆನ್ಸರ್‌ನಿಂದ ದೂರ ತಳ್ಳುತ್ತದೆ ಅಷ್ಟೇ. ಟ್ಯೂಬ್‌ನ ಉದ್ದವನ್ನು ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಎಷ್ಟು ಹೆಚ್ಚುತ್ತದೆ ಎಂದು ಗೊತ್ತಾಗುತ್ತದೆ. 50 ಎಂಎಂಗೆ 36 ಎಂಎಂ ಟ್ಯೂಬ್ ಹಾಕಿದರೆ 0.72, ಜೊತೆಗೆ ಲೆನ್ಸ್‌ನದೇ ಸ್ವಲ್ಪ ಸೇರಿ 1:1ರ ಹತ್ತಿರ ಬರುತ್ತದೆ. ಅದೇ ಟ್ಯೂಬನ್ನು 250 ಎಂಎಂಗೆ ಹಾಕಿ ನೋಡಿ, 0.14 ಮಾತ್ರ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಇರುವ ಟ್ಯೂಬನ್ನೇ ಕೊಳ್ಳಿ, ಇಲ್ಲದಿದ್ದರೆ ಕ್ಯಾಮೆರಾದಿಂದ ಅಪರ್ಚರ್ (ಬೆಳಕು ಒಳಬರುವ ಕಂಡಿಯ ಅಗಲ) ಬದಲಿಸಲಾಗದು.

ಮೂರನೆಯದು ಲೆನ್ಸನ್ನೇ ತಿರುಗಿಸಿ ಹಾಕುವ ರಿವರ್ಸ್ ರಿಂಗ್. ಎಲ್ಲಕ್ಕಿಂತ ಅಗ್ಗ. 50 ಎಂಎಂ ತಿರುಗಿಸಿದರೆ 1:1ರ ಆಸುಪಾಸು, 28 ಎಂಎಂ ತಿರುಗಿಸಿದರೆ ಸುಮಾರು ಎರಡು ಪಟ್ಟು. ಹಳೆಯ ಫಿಲಂ ಕಾಲದ, ಅಪರ್ಚರ್ ರಿಂಗ್ ಇರುವ ಲೆನ್ಸ್ ಮನೆಯಲ್ಲಿದ್ದರೆ ಅದನ್ನೇ ಬಳಸಿ. ಆದರೆ ಲೆನ್ಸ್‌ನ ಹಿಂಭಾಗ ಧೂಳು-ಮಳೆಗೆ ತೆರೆದುಕೊಳ್ಳುತ್ತದೆ, ಆಟೋಫೋಕಸ್ ಇರದು, ದೂರವೂ ನಾಲ್ಕೈದು ಸೆಂ.ಮೀ ಅಷ್ಟೇ. ಜಗಲಿಯಲ್ಲಿ ಕೂತು ಕಲಿಯಲು ಚೆನ್ನ, ಮಳೆಯ ಕಾಡಿಗೆ ಒಯ್ಯಲು ಅಲ್ಲ.

ಆಟೋಫೋಕಸ್, ಸ್ಟೆಬಿಲೈಸೇಶನ್ ಇಲ್ಲದಿದ್ದರೆ ನಡೆಯುತ್ತದಾ?

1:1ರಲ್ಲಿ ಫೋಕಸ್ ಮಾಡುವುದು ದೇಹದಿಂದ. ಲೆನ್ಸನ್ನು ಬೇಕಾದ ಅಳತೆಗೆ ಮ್ಯಾನುಯಲ್‌ನಲ್ಲಿ ನಿಲ್ಲಿಸಿ, ಮೊಣಕೈಯನ್ನು ಮೊಣಕಾಲಿಗೋ ನೆಲಕ್ಕೋ ಊರಿ, ನಿಧಾನವಾಗಿ ಮುಂದೆ ವಾಲುತ್ತಾ ಕಣ್ಣು ಸ್ಪಷ್ಟವಾದ ಕ್ಷಣದಲ್ಲಿ ಒತ್ತುವುದು. ಎಡಗೈಯ ಎರಡು ಬೆರಳಲ್ಲಿ ಹುಳ ಕೂತ ಕಡ್ಡಿಯ ಬುಡ ಹಿಡಿದು ಅದೇ ಕೈಯ ಮೇಲೆ ಲೆನ್ಸ್ ಊರಿದರೆ ಕಡ್ಡಿಯೂ ಕ್ಯಾಮೆರಾವೂ ಒಟ್ಟಿಗೆ ಅಲ್ಲಾಡುತ್ತವೆ, ಫೋಕಸ್ ತಪ್ಪುವುದು ಕಡಿಮೆ. ಆದ್ದರಿಂದ ಮ್ಯಾನುಯಲ್ ಲೆನ್ಸ್ ಅಗ್ಗಕ್ಕೆ ಸಿಕ್ಕರೆ ಹಿಂಜರಿಯಬೇಡಿ. ಚಿಟ್ಟೆಯ ದೂರಕ್ಕೆ ಆಟೋಫೋಕಸ್ ಉಪಕಾರಿ.

ಸ್ಟೆಬಿಲೈಸೇಶನ್ ಹತ್ತಿರ ಹೋದಷ್ಟೂ ಸೋಲುತ್ತದೆ. ಕ್ಯಾನನ್ 100 ಎಲ್‌ಗೆ ದೂರದಲ್ಲಿ 4 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಎಂದು ಹೇಳುವ ಕಂಪನಿಯೇ 1:1ರಲ್ಲಿ 2 ಸ್ಟಾಪ್ ಎನ್ನುತ್ತದೆ. ವ್ಯೂಫೈಂಡರ್‌ನಲ್ಲಿ ಚಿತ್ರ ನಿಲ್ಲುವುದಕ್ಕೆ ಸಹಾಯ, ಇದ್ದರೆ ಒಳ್ಳೆಯದು. ಗಾಳಿಗೆ ತೂಗುವ ತುಂಬೆ ಹೂವನ್ನು ಯಾವ ಸ್ಟೆಬಿಲೈಸೇಶನ್ನೂ ನಿಲ್ಲಿಸದು.

ಎಫ್/2.8 ಇರುವುದನ್ನೇ ಕೊಳ್ಳಬೇಕೇ? ಚಿತ್ರದಲ್ಲಿ ಕಣ್ಣು ಮಾತ್ರ ಶಾರ್ಪ್, ಮಿಕ್ಕಿದ್ದೆಲ್ಲ ಮಸುಕು ಏಕೆ?

ಎರಡೂ ಒಂದೇ ಪ್ರಶ್ನೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು, ಸ್ಪಷ್ಟವಾಗಿ ಕಾಣುವ ಆಳ ಕಡಿಮೆ. ಫುಲ್ ಫ್ರೇಮ್‌ನಲ್ಲಿ, 1:1ರಲ್ಲಿ, ಎಫ್/8 ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುಕಡಿಮೆ 1 ಎಂಎಂ. ಎಫ್/11ಕ್ಕೆ ಹೋದರೆ 1.3 ಎಂಎಂ. ಎಫ್/2.8ರಲ್ಲಿ ಜೇಡದ ಒಂದು ಕಣ್ಣಿನ ಹೊಳಪಷ್ಟೇ ಸಿಗುತ್ತದೆ. ಹಾಗಾಗಿ ಹತ್ತಿರದ ಕೆಲಸದಲ್ಲಿ 2.8 ಬಳಕೆಗೆ ಬರುವುದೇ ಅಪರೂಪ, ಎಫ್/3.5 ಲೆನ್ಸ್ ಆದರೂ ನಷ್ಟವಿಲ್ಲ.

ಹಾಗೆಂದು ಎಫ್/32ಕ್ಕೂ ಹೋಗುವಂತಿಲ್ಲ. ಹತ್ತಿರ ಹೋದಂತೆ ಅಪರ್ಚರ್ ತಾನಾಗಿ ಕಿರಿದಾದಂತೆ ವರ್ತಿಸುತ್ತದೆ: 1:1ರಲ್ಲಿ ಎಫ್/11 ಎಂದರೆ ಪರಿಣಾಮದಲ್ಲಿ ಎಫ್/22ರಷ್ಟು, ಬೆಳಕು ಎರಡು ಸ್ಟಾಪ್ ಕಡಿಮೆ. ಆಮೇಲೆ ಕಿರಿದಾದ ಕಂಡಿಯಲ್ಲಿ ಬೆಳಕು ಚದುರುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ನಿಕಾನ್ ಬಾಡಿಗಳು ಈ ಬದಲಾವಣೆಯನ್ನು ಪರದೆಯಲ್ಲೇ ತೋರಿಸುತ್ತವೆ. 105 ಹಾಕಿ ಹತ್ತಿರ ಹೋದಾಗ 2.8 ಕಾಣದೆ 4.8 ಕಂಡರೆ ಲೆನ್ಸ್ ಕೆಟ್ಟಿದೆ ಎಂದು ಸರ್ವಿಸ್ ಸೆಂಟರ್‌ಗೆ ಓಡಬೇಡಿ. ಎಫ್/8ರಿಂದ ಎಫ್/13ರ ನಡುವೆ ಇರಿ.

ಇನ್ನೂ ಆಳ ಬೇಕಾದರೆ ಫೋಕಸ್ ಸ್ಟ್ಯಾಕಿಂಗ್. ಫೋಕಸ್ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹತ್ತಿಪ್ಪತ್ತು ಚಿತ್ರ ತೆಗೆದು ಹೆಲಿಕಾನ್ ಫೋಕಸ್ ಅಥವಾ ಜೆರೀನ್ ಸ್ಟ್ಯಾಕರ್‌ನಲ್ಲಿ ಸೇರಿಸುವುದು. ಈಗಿನ ಎಷ್ಟೋ ಮಿರರ್‌ಲೆಸ್ ಕ್ಯಾಮೆರಾಗಳು ಆ ಸರಣಿಯನ್ನು ತಾವೇ ತೆಗೆಯುತ್ತವೆ, ಆದರೆ ಅದಕ್ಕೆ ಆಟೋಫೋಕಸ್ ಲೆನ್ಸ್ ಬೇಕು. ಬೆಳಗಿನ ಜಾವ ಇಬ್ಬನಿಯಲ್ಲಿ ನೆನೆದು ಮರಗಟ್ಟಿ ಕೂತ ಡ್ರ್ಯಾಗನ್‌ಫ್ಲೈ ಇದಕ್ಕೆ ಹೇಳಿಮಾಡಿಸಿದ್ದು. ಹುಳವನ್ನು ಫ್ರಿಜ್‌ನಲ್ಲಿಟ್ಟು ಮಂಕು ಮಾಡಿ ತೆಗೆಯುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಒಂದು ಗಂಟೆ ಬೇಗ ಎದ್ದರೆ ಸಾಕು.

ಫ್ಲ್ಯಾಶ್ ಬೇಕೇ ಬೇಕೇ?

ಲೆನ್ಸ್‌ಗಿಂತ ಹೆಚ್ಚು ಮುಖ್ಯ ಎಂದೇ ಹೇಳುತ್ತೇನೆ. ಅಡಿಕೆ ತೋಟದ ನೆರಳಿನಲ್ಲಿ, ಮೋಡ ಕವಿದ ಜುಲೈಯಲ್ಲಿ ಎಫ್/11 ಇಟ್ಟು ನೋಡಿ, ಶಟರ್ ಸ್ಪೀಡ್ ಎಲ್ಲಿಗೆ ಇಳಿಯುತ್ತದೆಂದು ಗೊತ್ತಾಗುತ್ತದೆ. ಕಡಿಮೆ ಪವರ್‌ನಲ್ಲಿ ಫ್ಲ್ಯಾಶ್ ಬೆಳಗುವುದು ಸೆಕೆಂಡಿನ ಸಾವಿರಾರು ಪಾಲಿನಲ್ಲಿ ಒಂದು ಪಾಲು ಹೊತ್ತು. ಅಷ್ಟರಲ್ಲಿ ಕೈ ನಡುಗಿದ್ದೂ ಕಾಣದು, ಎಲೆ ಅಲ್ಲಾಡಿದ್ದೂ ಕಾಣದು. ಮ್ಯಾನುಯಲ್ ಮೋಡ್, 1/200, ಎಫ್/11, ಐಎಸ್‌ಒ 200 ಅಥವಾ 400, ಫ್ಲ್ಯಾಶ್ 1/8ರಲ್ಲಿ ಶುರು ಮಾಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ.

ದುಬಾರಿ ಫ್ಲ್ಯಾಶ್ ಬೇಡ, ಬೆಳಕನ್ನು ಹರಡಿ ಮೃದು ಮಾಡುವ ಡಿಫ್ಯೂಸರ್ ಚೆನ್ನಾಗಿರಲಿ. ಜೀರುಂಡೆಯ ಬೆನ್ನು ಕನ್ನಡಿಯಂತೆ. ಬರಿ ಫ್ಲ್ಯಾಶ್ ಬಿದ್ದರೆ ಬಿಳಿ ಚುಕ್ಕೆಯೊಂದು ಸುಟ್ಟಂತೆ ಉಳಿದು ಬಣ್ಣವೆಲ್ಲ ಹೋಗುತ್ತದೆ. ಬೆಳಕು ದೊಡ್ಡದಾಗಬೇಕು, ಹುಳದ ಹತ್ತಿರ ಬರಬೇಕು. ಟಿವಿ, ಮಿಕ್ಸಿಯ ಪ್ಯಾಕಿಂಗ್‌ನಲ್ಲಿ ಬರುವ ತೆಳು ಬಿಳಿ ಫೋಮ್ ಹಾಳೆಯನ್ನು ಫ್ಲ್ಯಾಶ್‌ನಿಂದ ಲೆನ್ಸ್‌ನ ಮೂತಿಯವರೆಗೆ ಬಾಗಿಸಿ ರಬ್ಬರ್ ಬ್ಯಾಂಡ್ ಹಾಕಿ, ಒಳಗೊಂದು ಟ್ರೇಸಿಂಗ್ ಪೇಪರ್ ಪದರ ಕೊಡಿ. ಬೆಳಕು ಎಷ್ಟು ಮೃದುವಾಗುತ್ತದೆ ಎಂಬುದನ್ನು ಜಿಗಿಜೇಡದ ಕಣ್ಣಿನಲ್ಲಿ ಮೂಡುವ ಪ್ರತಿಬಿಂಬವೇ ಹೇಳುತ್ತದೆ: ಚುಕ್ಕೆಯ ಬದಲು ಅಗಲವಾದ ತಿಳಿ ಬಿಳುಪು. ಲೆನ್ಸ್ ಸುತ್ತ ಕೂರುವ ರಿಂಗ್ ಫ್ಲ್ಯಾಶ್ ಬಗ್ಗೆ ನನಗೆ ಒಲವಿಲ್ಲ, ನೆರಳೇ ಇಲ್ಲದ ಚಪ್ಪಟೆ ಚಿತ್ರ ಬರುತ್ತದೆ. ಲೆನ್ಸ್‌ಗೆ ಎಲ್ಲ ದುಡ್ಡು ಸುರಿದು ಫ್ಲ್ಯಾಶ್ ಮುಂದಿನ ವರ್ಷ ನೋಡೋಣ ಎನ್ನುವುದಕ್ಕಿಂತ, ಹಳೆಯ ಲೆನ್ಸ್ ಜೊತೆ ಒಂದು ಸಾಧಾರಣ ಫ್ಲ್ಯಾಶ್ ಕೊಳ್ಳುವುದು ಜಾಣತನ.

1:1 ಸಾಲುತ್ತಿಲ್ಲ, ಇನ್ನೂ ಒಳಕ್ಕೆ ಹೋಗಬೇಕು.

ಲಾವಾ 100 ಎಂಎಂ ಎರಡು ಪಟ್ಟು ಕೊಡುತ್ತದೆ, ಆಗ ಹುಳದಿಂದ ದೂರ 7 ಸೆಂ.ಮೀ ಆಸುಪಾಸು. 2023ರ ಓಎಂ ಸಿಸ್ಟಂ (ಒಲಿಂಪಸ್ ಕ್ಯಾಮೆರಾಗಳ ಈಗಿನ ಹೆಸರು) 90 ಎಂಎಂ ಕೂಡ ಎರಡು ಪಟ್ಟು, ಅದರ ಪುಟ್ಟ ಸೆನ್ಸರ್ ಮೇಲೆ ಅದು ಫುಲ್ ಫ್ರೇಮ್‌ನ ನಾಲ್ಕು ಪಟ್ಟಿಗೆ ಸಮ. ಕ್ಯಾನನ್‌ನ ಎಂಪಿ-ಇ 65 ಎಂಎಂ ಒಂದರಿಂದ ಐದು ಪಟ್ಟಿನವರೆಗೆ ಹೋಗುತ್ತದೆ, ಆದರೆ ಅದರಲ್ಲಿ ಎದುರಿನ ಮರವನ್ನೂ ಫೋಕಸ್ ಮಾಡಲಾಗದು, ಫೋಕಸ್ ರಿಂಗ್ ಎಂಬುದೇ ಇಲ್ಲ. ಐದು ಪಟ್ಟಿನಲ್ಲಿ ಎಫ್/8 ಇಟ್ಟರೆ ಪರಿಣಾಮ ಎಫ್/48. 1:1ರಲ್ಲಿ ಕೈ ಪಳಗಿದ ಮೇಲೆ ಇತ್ತ ಬನ್ನಿ.

ಮ್ಯಾಕ್ರೊ ಲೆನ್ಸ್‌ನಲ್ಲಿ ಮನುಷ್ಯರ ಫೋಟೊ ತೆಗೆಯಬಹುದೇ?

ಧಾರಾಳವಾಗಿ. 90, 100 ಎಂಎಂ ಪೋರ್ಟ್ರೇಟ್‌ಗೆ ಒಳ್ಳೆಯ ದೂರವೇ. ಮದುವೆಮನೆಯಲ್ಲಿ ಮೆಹಂದಿ ಕೈ, ಉಂಗುರ, ಮುಖ ಎಲ್ಲವೂ ಒಂದೇ ಲೆನ್ಸ್‌ನಲ್ಲಿ ಆಗುತ್ತದೆ. ಫೋಕಸ್ ಲಿಮಿಟರ್ ಸ್ವಿಚ್ಚನ್ನು ದೂರದ ಕಡೆಗೆ ಇಟ್ಟರೆ ಲೆನ್ಸ್ ಸುಮ್ಮನೆ ಹಿಂದೆ-ಮುಂದೆ ತಡಕಾಡುವುದಿಲ್ಲ.

ಮೊಬೈಲ್ ಸಾಲದೇ?

ಹೂವು, ಅಣಬೆ, ಪಾಚಿಗೆ ಸಾಕಾಗುತ್ತದೆ. ಐಫೋನ್ 13 ಪ್ರೊ ಮತ್ತು ಅದರ ನಂತರದ ಪ್ರೊ ಮಾಡೆಲ್‌ಗಳ ಅಲ್ಟ್ರಾವೈಡ್ ಕ್ಯಾಮೆರಾ 2 ಸೆಂ.ಮೀ.ಗೆ ಫೋಕಸ್ ಮಾಡುತ್ತದೆ. 2 ಸೆಂ.ಮೀ.ಗೆ ಹೋಗಲು ಮಿಡತೆ ಬಿಟ್ಟುಕೊಡಬೇಕಲ್ಲ, ತೊಡಕು ಇರುವುದು ಅಲ್ಲಿ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಬರುವ 2 ಮೆಗಾಪಿಕ್ಸೆಲ್ "ಮ್ಯಾಕ್ರೊ ಕ್ಯಾಮೆರಾ" ಹೆಸರಿಗಷ್ಟೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಏನು ನೋಡಬೇಕು?

ಮ್ಯಾಕ್ರೊ ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದೇ ಸರಿ ಎನ್ನುವವನು ನಾನು. ಜನ ಹುಮ್ಮಸ್ಸಿನಲ್ಲಿ ಕೊಂಡು, ಬಳಸದೆ ಮಾರುತ್ತಾರೆ. ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆ ಕಂಡರೆ ಫಂಗಸ್, ಎಷ್ಟೇ ಕಡಿಮೆಗೆ ಕೊಟ್ಟರೂ ವಾಪಸ್ ಬನ್ನಿ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಜಿಡ್ಡು ಇರಬಾರದು. ಫೋಕಸ್ ರಿಂಗನ್ನು 1:1ರಿಂದ ಇನ್ಫಿನಿಟಿಯವರೆಗೆ ತಿರುಗಿಸಿದಾಗ ಎಲ್ಲೂ ಕಚ್ಚಬಾರದು. ಸ್ಟೆಬಿಲೈಸೇಶನ್ ಹಾಕಿ ವ್ಯೂಫೈಂಡರ್‌ನಲ್ಲಿ ಚಿತ್ರ ಜಿಗಿಯುತ್ತದೆಯೇ ನೋಡಿ. ನಿಮ್ಮದೇ ಬಾಡಿ ತೆಗೆದುಕೊಂಡು ಹೋಗಿ ಹತ್ತು ರೂಪಾಯಿ ನೋಟಿನ ಸಣ್ಣ ಅಕ್ಷರಗಳನ್ನು 1:1ರಲ್ಲಿ ತೆಗೆದು, ಹಿಗ್ಗಿಸಿ ನೋಡಿಯೇ ದುಡ್ಡು ಕೊಡಿ.

ಮಲೆನಾಡಿನ ಮಳೆಯಲ್ಲಿ ಲೆನ್ಸ್ ಕಾಪಾಡುವುದು ಹೇಗೆ?

ಕ್ಯಾಮೆರಾ ಬ್ಯಾಗಿನಲ್ಲೇ ಇಟ್ಟು ಬೀರುವಿಗೆ ಸೇರಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಬ್ಯಾಗಿನ ಬಟ್ಟೆ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅನುಕೂಲವಿದ್ದರೆ ಡ್ರೈ ಕ್ಯಾಬಿನೆಟ್ ಕೊಂಡು ತೇವಾಂಶ 40ರಿಂದ 50 ಶೇಕಡಾ ಇರುವಂತೆ ನೋಡಿಕೊಳ್ಳಿ. ಇಲ್ಲವಾದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಪುಟ್ಟ ಮೀಟರ್. ಜೆಲ್ ಬಣ್ಣ ಬದಲಿಸಿದ ಕೂಡಲೇ ಬಿಸಿ ಮಾಡಿ ಒಣಗಿಸಿ, ತಣಿದ ಮೇಲೆ ಮತ್ತೆ ಹಾಕಿ. ಹೊರಗಿನಿಂದ ಬಂದ ರಾತ್ರಿ ಒದ್ದೆ ಲೆನ್ಸನ್ನು ಒರೆಸಿ, ಫ್ಯಾನ್ ಕೆಳಗೆ ಆರಿಸಿಯೇ ಡಬ್ಬಕ್ಕೆ ಇಡಿ.

ಕಾಡಿನೊಳಗೆ ರಾತ್ರಿ ಕಪ್ಪೆ ಹುಡುಕಿಕೊಂಡು ಹೋಗಬಹುದೇ?

ಮೀಸಲು ಅರಣ್ಯ, ಅಭಯಾರಣ್ಯಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ಊರಿನ ಕೆರೆ, ತೋಟದ ಕಾಲುವೆ, ಗದ್ದೆಗಳಲ್ಲೇ ಬೇಕಾದಷ್ಟು ಕಪ್ಪೆಗಳಿವೆ. ಮಾಲೀಕರನ್ನು ಒಂದು ಮಾತು ಕೇಳಿ, ಗಮ್‌ಬೂಟು ಹಾಕಿ, ಇಂಬಳಕ್ಕೆ ಉದ್ದ ಕಾಲುಚೀಲ ಏರಿಸಿಕೊಂಡು ಹೊರಡಿ. ಹೆಜ್ಜೆ ಇಡುವ ಮುನ್ನ ಟಾರ್ಚನ್ನು ನೆಲಕ್ಕೆ ಬಿಡಿ, ಮೊಟ್ಟೆಗಳು ನೀರಂಚಿನ ಎಲೆ, ಕಲ್ಲುಗಳ ಮೇಲೇ ಇರುತ್ತವೆ. ಕಪ್ಪೆಯನ್ನು ಮುಟ್ಟಿ ಜಾಗ ಬದಲಿಸಬೇಡಿ, ಕೈಗೆ ಹಚ್ಚಿದ ಸೊಳ್ಳೆ ಮುಲಾಮು ಅದರ ಚರ್ಮಕ್ಕೆ ಆಗದು. ಮೇಟಿಂಗ್‌ನಲ್ಲಿರುವ ಜೋಡಿಗೆ ನಾಲ್ಕೈದು ಸಲ ಫ್ಲ್ಯಾಶ್ ಹೊಡೆದರೆ ಸಾಕು, ಆಮೇಲೆ ಟಾರ್ಚ್ ಆರಿಸಿ ಮುಂದಕ್ಕೆ ಹೋಗಿ.